ಎರಡು ತಟ್ಟೆಯ ಸಾಲು

"ಅಮ್ಮಾ, ನಮ್ಮ ಮೇಷ್ಟ್ರು ಎಷ್ಟನೇ ಕ್ಲಾಸು?"

ಹಳೇಕಾವಲಿನ ಹಾಲಿನ ಡೇರಿಯಲ್ಲಿ ಸಂಜೆಯ ಹಾಲು ಹಾಕಿಸಿಕೊಳ್ಳುತ್ತಿದ್ದ ತ್ರಿವೇಣಿಯ ಕೈ ಅರೆಗಳಿಗೆ ನಿಂತಿತು. ಅಳತೆಯ ಪಾತ್ರೆಯ ಮೇಲಿನ ಕಣ್ಣು ತೆಗೆಯದೆಯೇ, "ಮೇಷ್ಟ್ರಿಗೆ ಎಲ್ಲಿಯ ಕ್ಲಾಸೇ? ಅವರು ಪಾಠ ಮಾಡೋರು" ಎಂದಳು.

ಎಂಟು ವರ್ಷದ ಗಗನಾ ಅಷ್ಟಕ್ಕೆ ಬಿಡುವವಳಲ್ಲ. "ಮತ್ತೆ ಪ್ರೇಯರ್ ಹೊತ್ಗೆ ನನ್ ಹಿಂದೆ ನಿಂತ್ಕೊತಾರೆ. ಊಟಕ್ಕೆ ನನ್ ಪಕ್ಕದಲ್ಲೇ ಕೂತ್ಕೊತಾರೆ. ತಟ್ಟೇನೂ ಅವರೇ ತೊಳ್ಕೊತಾರೆ. ನಾನು ಮೂರನೇ ಕ್ಲಾಸು. ಅವರು ಎಷ್ಟನೇದು?"

ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಚನ್ನಬಸಪ್ಪ, "ಅವರೂ ಮೂರನೇದೇ ಕಣವ್ವಾ. ಮೂವತ್ತು ವರ್ಷದಿಂದ ಪಾಸಾಗಿಲ್ಲ, ಅಲ್ಲೇ ಕೂತವ್ರೆ" ಎಂದ. ಸಾಲಿಗೆ ಸಾಲೇ ನಕ್ಕಿತು. ಗಗನಾ ನಗಲಿಲ್ಲ. ಅನುಮಾನ ಪರಿಹಾರವಾದವಳ ಹಾಗೆ ತಲೆಯಾಡಿಸಿ ಮನೆಯ ಕಡೆ ಹೋದಳು.

ಹಾಗೆ ನೋಡಿದರೆ ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹಳೇಕಾವಲಿನ ಸರ್ಕಾರಿ ಶಾಲೆಯಲ್ಲಿ ಇದ್ದದ್ದು ಒಬ್ಬ ಮೇಷ್ಟ್ರು, ಒಬ್ಬ ಅಡುಗೆಯಾಕೆ, ಒಬ್ಬಳು ವಿದ್ಯಾರ್ಥಿನಿ. ಬೆಳಿಗ್ಗೆ ಎಂಟಕ್ಕೆ ಅಜ್ಜಂಪುರದಿಂದೊಂದು, ಬೀರೂರಿನಿಂದೊಂದು ಹಳದಿ ವ್ಯಾನು ಬಂದು ಊರಿನ ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗುತ್ತವೆ. ವ್ಯಾನುಗಳ ಧೂಳು ಅಡಗುವ ಹೊತ್ತಿಗೆ ಷಣ್ಮುಖಪ್ಪ ಮೇಷ್ಟ್ರ ಟೀವಿಎಸ್ ಊರೊಳಗೆ ಬರುತ್ತದೆ.

ಷಣ್ಮುಖಪ್ಪನವರು ಹುಟ್ಟಿದ್ದು ಸಖರಾಯಪಟ್ಟಣದಲ್ಲಿ, ಮನೆ ಮಾಡಿರುವುದು ಬೀರೂರಿನಲ್ಲಿ. ವಯಸ್ಸು ಐವತ್ತೆಂಟು. ಮೊದಲ ನೇಮಕ ಕೆಮ್ಮಣ್ಣುಗುಂಡಿಯ ತಪ್ಪಲಿನ ಒಂದು ಶಾಲೆಗೆ, ಅಲ್ಲಿ ಹನ್ನೊಂದು ವರ್ಷ. ಆಮೇಲೆ ತರೀಕೆರೆಯ ಕಡೆ ಎರಡು ಊರು, ಕೊನೆಗೆ ಇಲ್ಲಿ. ಎಲ್ಲ ಕಡೆಯೂ ಮಕ್ಕಳು ಕಿಕ್ಕಿರಿದಿದ್ದ ಕಾಲ ಅದು. ಆ ಗದ್ದಲದ ಮೇಲೆ ತೇಲುವಂಥ ದನಿಯೊಂದನ್ನು ಅವರು ಸಾಕಿಕೊಂಡಿದ್ದರು. ಹಳೇಕಾವಲಿನಲ್ಲಿ ಮಕ್ಕಳು ಎಪ್ಪತ್ತರಿಂದ ನಲವತ್ತಕ್ಕೆ, ನಲವತ್ತರಿಂದ ಒಂಬತ್ತಕ್ಕೆ, ಒಂಬತ್ತರಿಂದ ಒಂದಕ್ಕೆ ಇಳಿದರೂ ದನಿ ಮಾತ್ರ ಇಳಿಯಲಿಲ್ಲ. "ಎಲ್ಲರೂ ಪುಸ್ತಕ ತೆಗೀರಿ!" ಎಂದರೆ ಗಗನಾ ಪುಸ್ತಕ ತೆಗೆಯುತ್ತಾಳೆ. ರಸ್ತೆಯಾಚೆ ಈರುಳ್ಳಿ ಕೀಳುವ ಹೆಂಗಸರೂ ಒಮ್ಮೆ ತಲೆ ಎತ್ತುತ್ತಾರೆ. ಹಾಜರಿ ಹಾಕುವಾಗ ಗಗನಾ ಎಂದು ಕರೆದು, ಎಸ್ ಸಾರ್ ಅನ್ನಿಸಿಕೊಂಡು, ಕನ್ನಡಕದ ಮೇಲಿಂದ ಕೊಠಡಿಯನ್ನೆಲ್ಲ ಒಮ್ಮೆ ನೋಡಿ, "ಬೇರೆ ಯಾರಾದ್ರೂ ಬಿಟ್ಟೋದ್ರಾ?" ಎಂದು ಕೇಳಿಯೇ ಅವರು ಪುಸ್ತಕ ಮುಚ್ಚುವುದು.

ನಿಯಮ ಎಂದರೆ ಅವರಿಗೆ ನಿಯಮ. ಶಾಲಾ ಸಂಸತ್ತಿನ ಚುನಾವಣೆ ಮಾಡಿ ಎಂದು ಸುತ್ತೋಲೆ ಬಂದಾಗ ರಟ್ಟಿನ ಪೆಟ್ಟಿಗೆಗೆ ಸೀಳು ಕೊಯ್ದು ಮತಪೆಟ್ಟಿಗೆ ಮಾಡಿದರು. ಗಗನಾ ಚೀಟಿ ಬರೆಯುವಾಗ ಗೋಡೆಯ ಕಡೆ ಮುಖ ಮಾಡಿ ನಿಂತರು. ಆಮೇಲೆ ಎಣಿಕೆಗೆ ಕೂತಾಗ ತೊಡಕು ಕಂಡಿತು. ಇರುವುದು ಒಂದೇ ಮತ, ಬಿಚ್ಚಿದರೆ ಯಾರು ಯಾರಿಗೆ ಹಾಕಿದ್ದು ಎಂಬುದು ಗೊತ್ತಾಗಿಬಿಡುತ್ತದೆ. ಗುಪ್ತ ಮತದಾನ ಎಂದ ಮೇಲೆ ಗುಪ್ತ ಎಂದು ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಟ್ಟರು. ಶಾಲೆಯಲ್ಲಿ ಇವತ್ತಿಗೂ ಸರ್ಕಾರ ರಚನೆಯಾಗಿಲ್ಲ.

ಶಾಲಾಭಿವೃದ್ಧಿ ಸಮಿತಿಯದೂ ಇದೇ ಕಥೆ. ಪೋಷಕರೇ ಸದಸ್ಯರಾಗಬೇಕು. ಪೋಷಕರೆಂದರೆ ತ್ರಿವೇಣಿ ಮತ್ತು ಅವಳ ಗಂಡ ರಾಜಶೇಖರ್. ಅವನು ಈರುಳ್ಳಿ ಮೂಟೆ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾನೆ, ಸಭೆಗೆ ಸಿಗುವುದಿಲ್ಲ. ಆದ್ದರಿಂದ ಅಧ್ಯಕ್ಷೆ ತ್ರಿವೇಣಿಯೇ ಸೂಚಿಸಿ, ತ್ರಿವೇಣಿಯೇ ಅನುಮೋದಿಸಿ, ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಅಂಗೀಕಾರವಾಗುತ್ತಿದ್ದವು. ಡೇರಿಯ ಕೆಲಸ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ನಡುವಿನ ಬಿಡುವಿನಲ್ಲಿ ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಅವಳು ಸಭೆ ನಡೆಸಿ, ಸಹಿ ಹಾಕಿ, ತನಗೆ ತಾನೇ ವಂದನೆ ಅರ್ಪಿಸಿ ಬರುತ್ತಿದ್ದಳು.

ಮಗಳನ್ನು ಇಂಥ ಶಾಲೆಯಲ್ಲಿ ಯಾಕಿಟ್ಟಿದ್ದೀ ಎಂದು ಊರಲ್ಲಿ ಕೇಳದವರಿಲ್ಲ. ತ್ರಿವೇಣಿ ಯಾರಿಗೂ ಪೂರ್ತಿ ಉತ್ತರ ಹೇಳಿರಲಿಲ್ಲ.

ಒಂದನೇ ಕ್ಲಾಸಿಗೆ ಗಗನಾಳೂ ವ್ಯಾನು ಹತ್ತಿದ್ದವಳೇ. ಆ ಶಾಲೆಯಲ್ಲಿ ಮಧ್ಯಾಹ್ನ ಆಯಾ ಒಬ್ಬಳು ಒಬ್ಬೊಬ್ಬರ ಡಬ್ಬಿಯನ್ನೂ ತೆರೆಸಿ, ಯಾರು ಎಷ್ಟು ಬಿಟ್ಟರು ಎಂದು ಎಲ್ಲರ ಮುಂದೆ ಹೇಳುತ್ತಿದ್ದಳಂತೆ. ಮಕ್ಕಳ ಒಳ್ಳೆಯದಕ್ಕೇ ಇರಬೇಕು. ಆದರೆ ಗಗನಾ ಮೊದಲು ಅರ್ಧ ಬಿಟ್ಟಳು, ಆಮೇಲೆ ಪೂರ್ತಿ ಬಿಟ್ಟಳು, ಆಮೇಲೆ ಮನೆಯಲ್ಲೂ ಯಾರಾದರೂ ನೋಡುತ್ತಿದ್ದರೆ ಬಾಯಿ ತೆರೆಯುವುದನ್ನೇ ಬಿಟ್ಟಳು. ಅಜ್ಜಂಪುರದ ಡಾಕ್ಟರು ಟಾನಿಕ್ ಬರೆದುಕೊಟ್ಟರು. ಟಾನಿಕ್ಕನ್ನೂ ಅವಳು ಬಾಗಿಲ ಮರೆಗೆ ಹೋಗಿಯೇ ಕುಡಿಯುತ್ತಿದ್ದಳು. ಎರಡು ವರ್ಷ ಹಾಗೂ ಹೀಗೂ ದೂಡಿ, ಮೂರನೇ ಕ್ಲಾಸಿಗೆ ತ್ರಿವೇಣಿ ಅವಳನ್ನು ತಂದು ಊರಿನ ಶಾಲೆಗೆ ಸೇರಿಸಿದಳು. ಒಂಬತ್ತು ಮಕ್ಕಳು ಬೇರೆ ಕಡೆ ಹೋಗಿ ಶಾಲೆಗೆ ಬೀಗ ಬೀಳುವುದರಲ್ಲಿದ್ದ ವರ್ಷ ಅದು.

ಮೊದಲ ದಿನದ ಊಟದ ಹೊತ್ತಿಗೆ ಅಡುಗೆಯ ಸುಲೋಚನಮ್ಮ ಪಟ್ಟು ಹಿಡಿದು ಕೂತಳು.

"ಒಂಟಿ ತಟ್ಟೆಗೆ ನಾನು ಬಡ್ಸಲ್ಲ ಮೇಷ್ಟ್ರೇ. ನಮ್ಮನೇಲಿ ನಮ್ಮತ್ತೆ ಕಾಲದಿಂದ್ಲೂ ಬಡ್ಸಿಲ್ಲ. ಒಂಟಿ ಎಲೆ ಹಾಕೋದು ಸತ್ತೋರಿಗೆ ಎಡೆ ಇಡೋವಾಗ ಮಾತ್ರ. ಬೆಳೆಯೋ ಮಗೀಗೆ ಹಾಕ್ತಾರಾ?"

"ಸರ್ಕಾರ ಕೊಡೋದು ಒಂದು ಮಗುವಿನ ಅಕ್ಕಿ ಕಣಮ್ಮ. ನೂರು ಗ್ರಾಂ. ನಾನು ಅದನ್ನ ಮುಟ್ಟೋ ಹಂಗಿಲ್ಲ."

"ನಿಮ್ ಡಬ್ಬೀದೇ ಸುರ್ಕೊಳ್ಳಿ. ನಂಗೆ ಎರಡು ತಟ್ಟೆ ಆಗ್ಬೇಕು, ಅಷ್ಟೇಯ."

ಹೀಗೆ ಜಗಲಿಯ ಮೇಲೆ ಎರಡು ತಟ್ಟೆಯ ಸಾಲು ಶುರುವಾಯಿತು. ಮೇಷ್ಟ್ರು ಮನೆಯಿಂದ ತಂದ ಚಪಾತಿಯನ್ನೋ ಚಿತ್ರಾನ್ನವನ್ನೋ ತಟ್ಟೆಗೆ ಹಾಕಿಕೊಂಡು ಗಗನಾಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮೇಷ್ಟ್ರು ಮೊದಲು ರುಚಿ ನೋಡಬೇಕೆಂಬ ನಿಯಮವಿರುವುದರಿಂದ ಸುಲೋಚನಮ್ಮ ಅವರಿಗೆ ಒಂದು ಚಮಚ ಸಾಂಬಾರು ಬಡಿಸಿದಳು. ಅದಕ್ಕಿಂತ ಒಂದು ತೊಟ್ಟು ಹೆಚ್ಚು ಬಿದ್ದರೂ ಅವರು ಕೈ ಅಡ್ಡ ಹಿಡಿಯುತ್ತಿದ್ದರು.

ಜಗಲಿಯ ಗೋಡೆಯ ಮೇಲೆ, ಎಪ್ಪತ್ತು ಮಕ್ಕಳ ಕಾಲದಲ್ಲಿ ಅವರೇ ನೀಲಿ ಬಣ್ಣದಲ್ಲಿ ಬರೆಸಿದ ಸಾಲೊಂದಿತ್ತು: ಊಟ ಮಾಡುವಾಗ ಮಾತನಾಡಬಾರದು. ಆಗ ಅದನ್ನು ಯಾರೂ ಪಾಲಿಸಿರಲಿಲ್ಲ. ಈಗ ಇಬ್ಬರೂ ಪಾಲಿಸಿದರು. ಬೆಳಿಗ್ಗೆಯಿಂದ ಹೊಲದಾಚೆಗೂ ಕೇಳಿಸುತ್ತಿದ್ದ ದನಿ ಒಂದೂ ಕಾಲಿಗೆ ಸರಿಯಾಗಿ ನಿಂತುಹೋಗುತ್ತಿತ್ತು. ಮೇಷ್ಟ್ರು ಹುಡುಗಿಯ ತಟ್ಟೆ ನೋಡುತ್ತಿರಲಿಲ್ಲ, ಹುಡುಗಿ ಮೇಷ್ಟ್ರ ತಟ್ಟೆ ನೋಡುತ್ತಿರಲಿಲ್ಲ. ಇಬ್ಬರೂ ರಸ್ತೆಯಾಚೆಯ ಈರುಳ್ಳಿ ಹೊಲ ನೋಡಿಕೊಂಡು ಉಣ್ಣುತ್ತಿದ್ದರು. ಇನ್ನಷ್ಟು ಬೇಕಾದರೆ ಗಗನಾ ತಟ್ಟೆಯನ್ನು ಒಂದು ಬೆರಳಿನಿಂದ ಒಂದಿಷ್ಟು ಮುಂದಕ್ಕೆ ತಳ್ಳುತ್ತಿದ್ದಳು. ಸುಲೋಚನಮ್ಮ ಬೆಕ್ಕಿನ ಹಾಗೆ ಬಂದು ಬಡಿಸಿ ಹೋಗುತ್ತಿದ್ದಳು.

ಮೂವತ್ತಮೂರು ವರ್ಷದ ನೌಕರಿಯಲ್ಲಿ ಷಣ್ಮುಖಪ್ಪನವರು ಮಧ್ಯಾಹ್ನ ಕೂತು ಉಂಡದ್ದೇ ಇರಲಿಲ್ಲ. ಮೊದಲೆಲ್ಲ ಮಕ್ಕಳ ಜಗಳ ಬಿಡಿಸುತ್ತ, ಆಮೇಲೆ ಬಿಸಿಯೂಟ ಬಂದ ಮೇಲೆ ಸಾಲು ನೋಡಿಕೊಳ್ಳುತ್ತ, ಡಬ್ಬಿ ಎಡಗೈಲಿ, ಚಮಚ ಬಲಗೈಲಿ, ಬಸ್ ಸ್ಟ್ಯಾಂಡಿನಲ್ಲಿ ತಿಂದ ಹಾಗೆ ತಿಂದು ಮುಗಿಸುತ್ತಿದ್ದರು. "ನಿಮ್ಮ ಡಬ್ಬಿ ಈಗ ತೊಳೆದಂಗೆ ವಾಪಸ್ ಬರ್ತದೆ, ಯಾರಿಗ್ ಹಾಕ್ತಿದೀರಿ?" ಎಂದು ಅವರ ಹೆಂಡತಿ ಹೇಮಶ್ರೀ ಅನುಮಾನದಿಂದ ಕೇಳಿದ್ದರಂತೆ.

ಒಂದು ದಿನ ಸಭೆಗೆಂದು ಬೇಗ ಬಂದ ತ್ರಿವೇಣಿ ಹಿಂಬಾಗಿಲಿನಿಂದ ಒಳಗೆ ಬಂದು ಕೊಠಡಿಯಲ್ಲೇ ನಿಂತುಬಿಟ್ಟಳು. ಜಗಲಿಯ ಮೇಲೆ ಎರಡು ಬೆನ್ನು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದರ ಕೈ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಆಡುತ್ತಿತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದ ಹಾಗೆ ವಾಪಸಾದಳು. ಆ ತಿಂಗಳ ಸಭೆ ನಡೆಯಲಿಲ್ಲ. ಡೇರಿಯ ತಕ್ಕಡಿಯ ಮೇಲೆ ಮಗಳನ್ನು ನಿಲ್ಲಿಸಿ ಅವಳು ವಾರಕ್ಕೊಮ್ಮೆ ತೂಕ ನೋಡುತ್ತಿದ್ದಳು. ಹದಿನೇಳೂವರೆಯಿಂದ ಇಪ್ಪತ್ತರ ಹತ್ತಿರಕ್ಕೆ ಬಂದಿದ್ದಳು ಹುಡುಗಿ.

ಎಲ್ಲ ಸರಿಯಾಗಿದ್ದಾಗ ಫೆಬ್ರವರಿಯಲ್ಲಿ ಇಲಾಖೆಯಿಂದ ಒಂದು ಅಭಿನಂದನಾ ಪತ್ರ ಬಂತು.

ಮೇಷ್ಟ್ರು ಹೇಳಿಕಳಿಸಿದರೆಂದು ತ್ರಿವೇಣಿ ಓಡಿಬಂದಳು. ಷಣ್ಮುಖಪ್ಪನವರು ಕುರ್ಚಿಯಲ್ಲಿ ಬೆವರುತ್ತಿದ್ದರು. ಪತ್ರದ ಸಾರಾಂಶ ಇಷ್ಟು: ಬಿಸಿಯೂಟ ಸೇವನೆಯಲ್ಲಿ ತಮ್ಮ ಶಾಲೆ ಸತತ ಎಂಟು ತಿಂಗಳು ಶೇಕಡಾ ಇನ್ನೂರು ಸಾಧನೆ ಮಾಡಿರುತ್ತದೆ. ಬೇರೆ ಯಾವ ಶಾಲೆಯೂ ತೊಂಬತ್ತಾರನ್ನು ದಾಟಿರುವುದಿಲ್ಲ. ಈ ಸಾಧನೆಯನ್ನು ಅಧ್ಯಯನ ಮಾಡಲು ಮುಂದಿನ ಗುರುವಾರ ತಂಡವೊಂದು ಭೇಟಿ ನೀಡಲಿದೆ.

"ಇನ್ನೂರು ಅಂದ್ರೆ ಒಳ್ಳೇದೇ ಅಲ್ವಾ?" ಎಂದಳು ಸುಲೋಚನಮ್ಮ.

"ಒಂದು ಮಗು ಇನ್ನೂರು ಪರ್ಸೆಂಟ್ ಹೆಂಗಮ್ಮಾ ಉಣ್ತದೆ?"

"ಎರಡು ಸಲ ಹಾಕಿಸ್ಕೊಂತದಲ್ಲ!"

ತಪ್ಪು ಎಲ್ಲಾಯಿತೆಂದು ಹುಡುಕುವುದು ಕಷ್ಟವಾಗಲಿಲ್ಲ. ಎಷ್ಟು ಜನ ಉಂಡರು ಎಂಬುದನ್ನು ಮಧ್ಯಾಹ್ನ ಒಂದೂವರೆಯೊಳಗೆ ಫೋನಿನಲ್ಲಿ ಕಳಿಸಬೇಕು. ಮೇಷ್ಟ್ರು ಊಟಕ್ಕೆ ಕೂತಿರುತ್ತಾರೆ, ಎಂಜಲು ಕೈಯಲ್ಲಿ ಫೋನು ಮುಟ್ಟುವವರಲ್ಲ, ಮಾತಂತೂ ಆಡುವ ಹಾಗಿಲ್ಲ. ಸಂಖ್ಯೆ ಒತ್ತುವ ಕೆಲಸವನ್ನು ಸುಲೋಚನಮ್ಮನಿಗೆ ಕಲಿಸಿಕೊಟ್ಟಿದ್ದರು. ಎಪ್ಪತ್ತು ಮಕ್ಕಳ ಕಾಲದಿಂದಲೂ ಅವಳದ್ದು ತಟ್ಟೆ ಲೆಕ್ಕ. ತಲೆಗಳು ಓಡಾಡುತ್ತವೆ, ಎರಡೆರಡು ಸಲ ಸಾಲಿಗೆ ಬರುತ್ತವೆ. ತಟ್ಟೆ ಇಟ್ಟಲ್ಲೇ ಇರುತ್ತದೆ. ಜಗಲಿಯ ಮೇಲೆ ಎರಡು ತಟ್ಟೆ ಕಂಡವು, ಅವಳು ದಿನಾ ಎರಡು ಒತ್ತಿದಳು.

"ಅಕ್ಕಿ ಒಂದ್ ಮಗೀದೇ ತಗೊಂಡಿರೋದು ಸಾರ್. ತಪ್ಪಾಗಿರೋದು ಅಂಕಿ ಮಾತ್ರ. ಇದ್ದಿದ್ದನ್ನ ಇದ್ದಂಗೆ ಹೇಳ್ಬಿಡಣ" ಎಂದಳು ತ್ರಿವೇಣಿ.

"ನನ್ ತಂಗಿ ಮೊಮ್ಮಗ ಒಬ್ಬ ಅವ್ನೆ, ಗುರುವಾರ ಒಂದಿನ ಕರ್ಕಂಬರ್ಲಾ?"

"ಸುಲೋಚನಮ್ಮಾ!" ಎಂದು ಮೇಷ್ಟ್ರು ಕೂಗಿದ ದನಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿತು. ಆಮೇಲೆ ದನಿ ತಗ್ಗಿಸಿ, ತ್ರಿವೇಣಿಯ ಕಡೆ ತಿರುಗಿದರು. "ಹೇಳೋದು ಕಷ್ಟವಿಲ್ಲ ತಾಯಿ. ಹೇಳಿದ್ಮೇಲೆ, ಮೇಷ್ಟ್ರಿಗೆ ಮಕ್ಕಳ ಸಾಲಲ್ಲೇನು ಕೆಲ್ಸ, ಎದ್ದೇಳಿ ಅಂತಾರಲ್ಲ. ಅದಕ್ಕೇನು ಮಾಡೋದು?"

ತ್ರಿವೇಣಿಗೂ ಅದೇ ಭಯ. ಸಾಲು ಎದ್ದರೆ ಮಗಳ ಊಟವೂ ಎದ್ದ ಹಾಗೆ.

ಗುರುವಾರ ಒಂದು ಗಂಟೆಗೆ ಜೀಪು ಬಂತು. ತಂಡದ ಮುಖ್ಯಸ್ಥ ಚಂದ್ರಕುಮಾರ್, ಲ್ಯಾಪ್‌ಟಾಪ್ ಹಿಡಿದ ಸ್ಫೂರ್ತಿ ಎಂಬ ಹುಡುಗಿ, ಒಬ್ಬ ಫೋಟೋಗ್ರಾಫರ್. ಚಂದ್ರಕುಮಾರ್ ಮೈಸೂರು ಪೇಟ, ಹಾರ ಎಲ್ಲ ತಂದಿದ್ದರು. ಜಗಲಿಯ ಮೇಲೆ ಎರಡು ತಟ್ಟೆ ಇದ್ದವು. ಗಗನಾ ಒಂದರ ಮುಂದೆ ಕೂತಿದ್ದಳು.

"ಎರಡನೇ ಮಗು ಎಲ್ಲಿ?"

"ಇಗೋ, ಇವರೇಯ" ಎಂದು ಸುಲೋಚನಮ್ಮ ಸೌಟಿನಿಂದ ಮೇಷ್ಟ್ರನ್ನು ತೋರಿಸಿದಳು.

ತ್ರಿವೇಣಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಒಂಟಿ ತಟ್ಟೆ, ಎಂಜಲು ಕೈ, ತಟ್ಟೆ ಲೆಕ್ಕ, ಯಾವುದನ್ನೂ ಬಿಡಲಿಲ್ಲ. ಚಂದ್ರಕುಮಾರ್ ಒಳ್ಳೆಯವರು, ರೇಗಲಿಲ್ಲ. ಪೇಟವನ್ನು ಚೀಲದೊಳಕ್ಕೆ ವಾಪಸು ತುರುಕಿ, "ಸ್ಫೂರ್ತಿ, ಇದನ್ನ ಸರಿ ಮಾಡೋದು ಹೆಂಗೆ ನೋಡಮ್ಮ" ಎಂದರು.

ಸ್ಫೂರ್ತಿ ನೋಡಿದಳು. "ಸಾರ್, ಹಿಂದಿನ ತಿಂಗಳದ್ದು ಬದಲಾಯ್ಸಕ್ಕೆ ಆಗಲ್ಲ. ಮೈನಸ್ಸೂ ತಗೊಳ್ಳಲ್ಲ. ಸರಾಸರಿ ನೂರಕ್ಕೆ ಬರ್ಬೇಕು ಅಂದ್ರೆ ಇನ್ನು ಎಂಟು ತಿಂಗಳು ಸೊನ್ನೆ ಕಳಿಸ್ಬೇಕು."

"ಎಂಟು ತಿಂಗಳು ಮಗು ಉಪವಾಸ ಇರ್ಬೇಕಾ ಮೇಡಂ?" ಎಂದಳು ತ್ರಿವೇಣಿ.

"ಉಣ್ಣಲಿ. ನಾವು ಉಂಡಿಲ್ಲ ಅಂತ ಕಳ್ಸೋದು."

"ಆಗ ಶೇಕಡಾ ಸೊನ್ನೆ ಅಂತ ನೋಟಿಸ್ ಬತ್ತದಲ್ಲ!"

"ಬರುತ್ತೆ" ಎಂದಳು ಸ್ಫೂರ್ತಿ ಪ್ರಾಮಾಣಿಕವಾಗಿ. "ಅದಕ್ಕೆ ಬೇರೆ ಟೀಮ್ ಬರ್ತಾರೆ."

ಈ ಚರ್ಚೆಯ ನಡುವೆ ಚಂದ್ರಕುಮಾರರ ಕಣ್ಣು ಗಗನಾಳ ತಟ್ಟೆಯ ಮೇಲೆ ಬಿತ್ತು. ಅನ್ನ, ಸಾಂಬಾರು ಬಡಿಸಿದ ಹಾಗೇ ಇತ್ತು. "ಯಾಕ್ ಪುಟ್ಟೀ, ಉಣ್ಣು" ಎಂದರು. ಗಗನಾ ತುಟಿ ಬಿಗಿದಳು. "ಒಂದ್ ತುತ್ತು ಬಾಯಿಗಿಡು ಪಾಪು, ಫೋಟೋ ತಗೋತೀನಿ" ಎಂದ ಫೋಟೋಗ್ರಾಫರ್. ಹುಡುಗಿ ಎರಡು ಕೈಯನ್ನೂ ಲಂಗದಡಿ ಬಚ್ಚಿಟ್ಟುಕೊಂಡಳು. ಐದು ಜನ ಸುತ್ತ ನಿಂತು ನೋಡುತ್ತಿದ್ದರು. ತ್ರಿವೇಣಿಗೆ ವ್ಯಾನಿನ ಶಾಲೆಯ ದಿನಗಳು ನೆನಪಾದವು.

"ಸಾರ್" ಎಂದರು ಷಣ್ಮುಖಪ್ಪ, ಎಪ್ಪತ್ತು ಮಕ್ಕಳ ದನಿಯಲ್ಲಿ. "ಎಲ್ಲರೂ ಹಿಂದಕ್ ತಿರುಗಿ!"

ಆ ದನಿಯನ್ನು ಮೀರುವುದು ಯಾರಿಂದಲೂ ಆಗುತ್ತಿರಲಿಲ್ಲ. ಚಂದ್ರಕುಮಾರ್ ತಿರುಗಿದರು. ಸ್ಫೂರ್ತಿ ಲ್ಯಾಪ್‌ಟಾಪ್ ಸಮೇತ ತಿರುಗಿದಳು. ಫೋಟೋಗ್ರಾಫರ್, ತ್ರಿವೇಣಿ, ಸೌಟು ಹಿಡಿದ ಸುಲೋಚನಮ್ಮ, ಎಲ್ಲರೂ ಜಗಲಿಗೆ ಬೆನ್ನು ಮಾಡಿ ಸಾಲಾಗಿ ನಿಂತರು. "ಮಾತಾಡೋ ಹಂಗಿಲ್ಲ" ಎಂದು ಹೇಳಿ, ಮೇಷ್ಟ್ರು ತಮ್ಮ ತಟ್ಟೆಯ ಮುಂದೆ ಕೂತು ಡಬ್ಬಿ ಬಿಚ್ಚಿದರು.

ಸರ್ಕಾರಿ ತಂಡ ಇಪ್ಪತ್ತು ನಿಮಿಷ ಈರುಳ್ಳಿ ಹೊಲ ನೋಡಿತು. ಹೊಲದಲ್ಲಿದ್ದ ಹೆಂಗಸರು, ಯಾರೋ ಜಮೀನಿನ ಸರ್ವೆಗೆ ಬಂದಿದ್ದಾರೆಂದು ಕೆಲಸ ನಿಲ್ಲಿಸಿ ಇವರನ್ನೇ ನೋಡಿದರು. ಯಾರೂ ಕೆಮ್ಮಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ತಟ್ಟೆಯನ್ನು ಒಂದು ಬೆರಳಿನಿಂದ ತಳ್ಳಿದ ಸದ್ದು ಬಂತು. ಸುಲೋಚನಮ್ಮ ಹಿಮ್ಮುಖವಾಗಿಯೇ ನಾಲ್ಕು ಹೆಜ್ಜೆ ನಡೆದು ಬಡಿಸಿದಳು. ಅರ್ಧ ಸೌಟು ಜಗಲಿಗೆ ಬಿತ್ತು.

ಹೊರಡುವ ಮುನ್ನ ಚಂದ್ರಕುಮಾರ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. ತ್ರಿವೇಣಿಗೂ ಕೇಳಿಸಿತು. "ನಂಗೆ ಅರ್ಥವಾಗ್ತದೆ ಷಣ್ಮುಖಪ್ಪನೋರೇ. ಹಳೇದನ್ನ ತಾಂತ್ರಿಕ ಕಾರಣ ಅಂತ ಬರೆದು ಮುಚ್ಚಿಹಾಕ್ತೀನಿ. ಆದ್ರೆ ಇನ್ಮೇಲೆ ನೀವು ಸಾಲಲ್ಲಿ ಕೂರಂಗಿಲ್ಲ. ನಿಂತು ಮೇಲ್ವಿಚಾರಣೆ ಮಾಡಿ. ಸಾಲಲ್ಲಿ ಕೂರೋರು ಮಗು, ಇಲ್ಲಾಂದ್ರೆ ರುಚಿ ನೋಡೋಕೆ ಬಂದ ಪೋಷಕರ ಪ್ರತಿನಿಧಿ. ಬೇರೆ ಯಾರೂ ಇಲ್ಲ."

"ಪೋಷಕರ ಪ್ರತಿನಿಧಿ ಕೂರ್ಬೋದಾ ಸಾರ್?" ಎಂದಳು ತ್ರಿವೇಣಿ ತಟಕ್ಕನೆ.

"ದಿನಾ ಕೂರ್ಬೋದಮ್ಮ. ಆ ತಟ್ಟೆ ಲೆಕ್ಕಕ್ಕಿಲ್ಲ."

ತ್ರಿವೇಣಿಗೆ ಹೋದ ಜೀವ ಬಂದಂತಾಯಿತು. ಶುಕ್ರವಾರದಿಂದಲೇ ಒಂದೂ ಕಾಲಿಗೆ ಸರಿಯಾಗಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮಗಳ ಪಕ್ಕದಲ್ಲಿ ಕೂತಳು. ಎರಡು ತಟ್ಟೆ ಕಂಡು ಸುಲೋಚನಮ್ಮ ಸಮಾಧಾನಪಟ್ಟಳು. ಎಣಿಕೆಗೆ ಒಂದೇ ಎಂದು ಮೇಷ್ಟ್ರೇ ಒತ್ತಿದರು. ಒತ್ತಿಯಾದ ಮೇಲೆಯೇ ಡಬ್ಬಿ ಬಿಚ್ಚುತ್ತಿದ್ದರು. ಕಂಬಕ್ಕೆ ಒರಗಿ, ಡಬ್ಬಿಯ ಮುಚ್ಚಳದ ಮೇಲೆ ಚಪಾತಿ ಇಟ್ಟುಕೊಂಡು ಅವರು ಮೇಲ್ವಿಚಾರಣೆ ಮಾಡುತ್ತಿದ್ದರು.

ಗೋಡೆಯ ಮೇಲಿನ ಸಾಲನ್ನು ತ್ರಿವೇಣಿಯೂ ಪಾಲಿಸಿದಳು, ಮೊದಲ ದಿನ. ಮಾತಾಡಲಿಲ್ಲ, ಕಣ್ಣು ಮಾತ್ರ ಪಕ್ಕದ ತಟ್ಟೆಗೆ ಹೋಗುತ್ತಿತ್ತು. ಶನಿವಾರ, "ಬೀನ್ಸ್ ಯಾಕೆ ಪಕ್ಕಕ್ಕಿಟ್ಟೆ?" ಎಂದು ಪಿಸುಗುಟ್ಟಿದಳು. ಪಿಸುಮಾತು ಮಾತಲ್ಲವೆಂದು ಅವಳ ಲೆಕ್ಕ. ಸೋಮವಾರ ಮನೆಯಿಂದ ನಿಂಬೆ ಉಪ್ಪಿನಕಾಯಿ ತಂದಳು. ಮಂಗಳವಾರ ತುತ್ತು ಎಣಿಸಿದಳು, ಹದಿನಾಲ್ಕು. ಬುಧವಾರ ಹನ್ನೊಂದು. "ಇನ್ನೊಂದೇ ಒಂದು ತುತ್ತು ಕಣೇ, ನನ್ ಚಿನ್ನ. ಮೇಷ್ಟ್ರು ನೋಡ್ತಿಲ್ಲ ನೋಡು, ನಾನೊಬ್ಳೇ" ಎಂದಳು. ಗಗನಾ ಎಡಗೈಯಲ್ಲಿ ಕಣ್ಣೊರೆಸಿಕೊಂಡು, "ಹೊಟ್ಟೆ ತುಂಬ್ತಮ್ಮ" ಎಂದು ಎದ್ದು ಕೈ ತೊಳೆಯಲು ಹೋದಳು. ಸಂಜೆ ಮನೆಗೆ ಬಂದು, ಅಮ್ಮ ಡೇರಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ತಣ್ಣನೆಯ ಮುದ್ದೆ ಮುರಿದು ತಿಂದಿದ್ದಳು. ಮುದ್ದೆ ಕಡಿಮೆಯಾದದ್ದನ್ನು ತ್ರಿವೇಣಿ ಗಮನಿಸಿದಳು, ಗಂಡ ತಿಂದಿರಬೇಕು ಎಂದುಕೊಂಡಳು.

ಎರಡನೇ ವಾರದ ಕೊನೆಗೆ ತಕ್ಕಡಿ ಮುಕ್ಕಾಲು ಕೇಜಿ ಕಡಿಮೆ ತೋರಿಸಿತು. ಬೇಸಿಗೆಯ ಝಳ ಎಂದು ತ್ರಿವೇಣಿ ತನಗೆ ತಾನೇ ಹೇಳಿಕೊಂಡಳು. ಸುಲೋಚನಮ್ಮನಿಗೆ, "ಅಕ್ಕಾ, ಸಾಂಬಾರಿಗೆ ಖಾರ ಜಾಸ್ತಿಯಾಗ್ತಿದೆ" ಎಂದಳು. ಎಂಟು ತಿಂಗಳಿಂದ ಅದೇ ಅಳತೆ ಹಾಕುತ್ತಿದ್ದ ಸುಲೋಚನಮ್ಮ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕಂಬದ ಹತ್ತಿರ ನಿಂತು ಈರುಳ್ಳಿ ಹೊಲ ನೋಡುತ್ತಿದ್ದರು. ಅವರ ಡಬ್ಬಿಯಲ್ಲೂ ಅರ್ಧ ಹಾಗೇ ಉಳಿದಿತ್ತು.

ಆ ಶನಿವಾರ ಸಂಜೆ ಡೇರಿಯ ಸಾಲಿನ ಕೊನೆಯಲ್ಲಿ ಷಣ್ಮುಖಪ್ಪನವರು ಬಂದು ನಿಂತಿದ್ದರು. ಕೈಯಲ್ಲಿ ಕ್ಯಾನಿರಲಿಲ್ಲ, ಮಡಿಸಿದ ಕಾಗದವೊಂದಿತ್ತು. "ಮೇಷ್ಟ್ರೇ, ಹಾಲಿಲ್ದೋರು ಸಾಲಲ್ಲಿ ಯಾಕೆ ನಿಂತಿದೀರಿ, ಮುಂದಕ್ಕೋಗಿ" ಎಂದ ಚನ್ನಬಸಪ್ಪ. "ಸಾಲು ಅಂದ್ಮೇಲೆ ಸಾಲು ಕಣಯ್ಯ" ಎಂದು ಮೇಷ್ಟ್ರು ಒಂದೊಂದೇ ಹೆಜ್ಜೆ ಸರಿದು, ತಮ್ಮ ಸರದಿ ಬಂದಾಗಲೇ ಕಿಟಕಿಯ ಮುಂದೆ ನಿಂತರು. ಹಿಂದೆ ಯಾರೂ ಉಳಿದಿರಲಿಲ್ಲ.

"ಏನ್ ಸಾರ್, ಹೇಳಿಕಳ್ಸಿದ್ರೆ ನಾನೇ ಬತ್ತಿರ್ಲಿಲ್ವಾ?"

"ಒಂದು ಸಹಿ ಬೇಕಿತ್ತು ತಾಯಿ." ಕಾಗದವನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿದರು. ಅಕ್ಷರ ಮುತ್ತಿನ ಹಾಗಿತ್ತು. ಗಗನಾ ಎಂಬ ವಿದ್ಯಾರ್ಥಿನಿಯ ತಾಯಿಯಾದ ನಾನು, ಡೇರಿಯ ಕೆಲಸದ ನಿಮಿತ್ತ ಮಧ್ಯಾಹ್ನದ ಊಟದ ವೇಳೆಗೆ ಹಾಜರಾಗಲು ಸಾಧ್ಯವಾಗದ ಕಾರಣ, ನನ್ನ ಬದಲಿಗೆ ಪೋಷಕರ ಪ್ರತಿನಿಧಿಯಾಗಿ ಸದರಿ ಶಾಲೆಯ ಶಿಕ್ಷಕರಾದ ಷಣ್ಮುಖಪ್ಪ ಇವರನ್ನು ಸಾಲಿನಲ್ಲಿ ಕೂರಲು ನೇಮಿಸಿರುತ್ತೇನೆ. ಕೆಳಗೆ ಸಮಿತಿಯ ನಿರ್ಣಯ, ಸೂಚಕರು, ಅನುಮೋದಕರು, ಎರಡು ಕಡೆಯೂ ಅವಳದೇ ಹೆಸರು.

ತ್ರಿವೇಣಿ ಓದಿ ನಕ್ಕಳು. "ಇದೇನ್ ಸಾರ್, ಸುಳ್ಳು ಬರ್ದಿದೀರಿ? ನೀವು ಬರೆಯೋದಾ ಹಿಂಗೆ? ಮಧ್ಯಾಹ್ನ ನಂಗೆಲ್ಲಿ ಡೇರಿ ಕೆಲ್ಸ? ಬೆಳಗ್ಗ್ ಒಂಬತ್ತಕ್ಕೆ ಮುಗಿದ್ರೆ ಮತ್ತೆ ಸಂಜೆಗೇ. ನಂಗೇನೂ ತೊಂದ್ರೆ ಇಲ್ಲ, ದಿನಾ ಬತ್ತೀನಿ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಹೊಲದಾಚೆಗೂ ಕೇಳಿಸುವ ದನಿ ಈಗ ಎಷ್ಟು ತಗ್ಗಿತ್ತೆಂದರೆ, ಅವಳು ಕಿಟಕಿಯಿಂದ ಮುಂದಕ್ಕೆ ಬಾಗಬೇಕಾಯಿತು.

"ಸುಳ್ಳು ಬರೆದು ನಂಗೂ ಅಭ್ಯಾಸವಿಲ್ಲ. ಅದಕ್ಕೇ ಬಂದೆ" ಎಂದರು. "ಆ ಮಗು ಯಾರೂ ನೋಡದೆ ಇದ್ರೆ ಉಣ್ತದೆ. ನಾನು ನೋಡಲ್ಲ. ನೀವು ತಾಯಿ, ನೋಡ್ದೆ ಇರೋಕೆ ನಿಮ್ ಕೈಲಿ ಆಗಲ್ಲ, ಆಗ್ಲೂ ಬಾರ್ದು."

ತ್ರಿವೇಣಿಯ ಕೈ ಕಾಗದದ ಮೇಲೇ ಉಳಿಯಿತು. ತಕ್ಕಡಿಯ ಮುಳ್ಳು, ಹದಿನಾಲ್ಕು, ಹನ್ನೊಂದು, ತಣ್ಣನೆಯ ಮುದ್ದೆ ಎಲ್ಲ ಒಂದೇ ಸಲಕ್ಕೆ ತಲೆಯೊಳಗೆ ಬಂದು ಕೂತವು.

"ಒಂದು ಉಪಕಾರ ಆಗ್ಬೇಕು ತಾಯಿ" ಎಂದರು ಷಣ್ಮುಖಪ್ಪ, ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚುತ್ತ. "ಸೋಮವಾರದಿಂದ ಮಧ್ಯಾಹ್ನ ಒಂದೂ ಕಾಲಿಗೆ ನೀವು ಏನಾದ್ರೂ ಒಂದು ಕೆಲ್ಸ ಇಟ್ಕೊಳ್ಳಿ."